ಹಳಬರ ಖಾತೆಯಲ್ಲಿ ಸಿಲುಕಿದ ಕಚೇರಿ ಲ್ಯಾಪ್‌ಟಾಪ್

ಕಚೇರಿಯೊಂದರ ನೌಕರ ನಿವೃತ್ತನಾದಾಗ, ವರ್ಗವಾಗಿ ಹೋದಾಗ ಅಥವಾ ಕೆಲಸ ಬಿಟ್ಟಾಗ ಆತ ಬಳಸುತ್ತಿದ್ದ ಲ್ಯಾಪ್‌ಟಾಪ್ ಅಲ್ಲಿಯೇ ಉಳಿಯುತ್ತದೆ. ಆದರೆ ಆತನ ಸ್ಥಾನಕ್ಕೆ ಬಂದವರು ಅದನ್ನು ತೆರೆದಾಗ ಪರದೆಯ ಮೇಲೆ ಹೋದವರ ಹೆಸರೂ ಅವರಿಗಷ್ಟೇ ಗೊತ್ತಿರುವ ಪಾಸ್‌ವರ್ಡ್ ಕೇಳುವ ಖಾಲಿ ಚೌಕವೂ ಕಾಣಿಸಿಕೊಂಡು ಕೆಲಸ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ನಗರಗಳ ದೊಡ್ಡ ಕಂಪನಿಗಳಲ್ಲಿ ಇಂತಹ ಬೀಗ ತೆಗೆಯುವುದಕ್ಕೆಂದೇ ಮಾಹಿತಿ ತಂತ್ರಜ್ಞಾನ ವಿಭಾಗ ಇರುತ್ತದೆ. ಗದಗ-ಬೆಟಗೇರಿಯ ಮುದ್ರಣಾಲಯ, ಲಕ್ಷ್ಮೇಶ್ವರದ ಅಡತಿ ಅಂಗಡಿ, ಶಿರಹಟ್ಟಿ ತಾಲ್ಲೂಕಿನ ಗ್ರಾಮ ಪಂಚಾಯಿತಿ, ಮುಂಡರಗಿಯ ಖಾಸಗಿ ಶಾಲೆ ಮೊದಲಾದ ಸಣ್ಣ ಕಚೇರಿಗಳಲ್ಲಿ ಅಂತಹ ವಿಭಾಗವಿರುವುದಿಲ್ಲ. ಯಂತ್ರವನ್ನು ಕೊಂಡ ದಿನ ಯಾರು ಅದರ ಮುಂದೆ ಕುಳಿತಿದ್ದರೋ ಅವರ ಸ್ವಂತ ಇ-ಮೇಲ್ ಮತ್ತು ಸ್ವಂತ ಮೊಬೈಲ್ ಸಂಖ್ಯೆಯೇ ಆ ಯಂತ್ರದ ಬೀಗದ ಕೈ ಆಗಿಬಿಟ್ಟಿರುತ್ತದೆ. ಆದ್ದರಿಂದ ಮೇಲ್ನೋಟಕ್ಕೆ ಯಂತ್ರದ ದೋಷದಂತೆ ಕಾಣುವ ಈ ತೊಡಕಿನ ಬೇರು ಬಹುಪಾಲು ಪ್ರಭಾರ ಹಸ್ತಾಂತರದಲ್ಲಿ, ಅಂದರೆ ಒಬ್ಬರು ಇನ್ನೊಬ್ಬರಿಗೆ ಚಾರ್ಜ್ ಕೊಡುವ ಕ್ರಮದಲ್ಲಿ, ಇರುತ್ತದೆ.

ಬೀಗ ತೆಗೆಸುವ ಮೊದಲು ಅದು ಯಾವ ಬಗೆಯ ಬೀಗ ಎಂಬುದನ್ನು ತಿಳಿಯಬೇಕಾಗುತ್ತದೆ, ಏಕೆಂದರೆ ನೋಡಲು ಒಂದೇ ಬಗೆಯಾಗಿರುವ ಪಾಸ್‌ವರ್ಡ್ ಪರದೆಗಳ ಹಿಂದೆ ಬೇರೆ ಬೇರೆ ವ್ಯವಸ್ಥೆಗಳಿರುತ್ತವೆ. ಇವುಗಳಲ್ಲಿ ಅತ್ಯಂತ ಸರಳವಾದುದು ಸ್ಥಳೀಯ ಖಾತೆ. ಇದರ ಹೆಸರು ಮತ್ತು ಪಾಸ್‌ವರ್ಡ್ ಆ ಒಂದು ಯಂತ್ರದೊಳಗೆ ಮಾತ್ರ ದಾಖಲಾಗಿರುತ್ತವೆ, ಹೊರಗಿನ ಯಾವ ಕಂಪನಿಗೂ ಅದರ ಸುದ್ದಿ ಇರುವುದಿಲ್ಲ. ಅದೇ ಯಂತ್ರದಲ್ಲಿ ಅಡ್ಮಿನ್ ಅಧಿಕಾರವುಳ್ಳ, ಅಂದರೆ ಇತರ ಖಾತೆಗಳನ್ನು ಸೇರಿಸುವ ಮತ್ತು ತೆಗೆಯುವ ಹಕ್ಕುಳ್ಳ, ಇನ್ನೊಂದು ಖಾತೆಯಿದ್ದರೆ ಅದರ ಮೂಲಕ ಹಳೆಯ ಖಾತೆಯ ಪಾಸ್‌ವರ್ಡ್ ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಹಾಗೆ ಬಲವಂತವಾಗಿ ಬದಲಿಸಿದಾಗ ಹಳೆಯ ಬಳಕೆದಾರ ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೂ ಆ ಖಾತೆಯ ಹೆಸರಿನಲ್ಲಿ ಗೂಢಲಿಪಿಗೆ ತಿರುಗಿಸಿದ್ದ ಕಡತಗಳೂ ತೆರೆಯದೆ ಹೋಗಬಹುದೆಂಬುದನ್ನು ಮಾತ್ರ ಮೊದಲೇ ಅರಿತಿರಬೇಕು.

ಎರಡನೆಯ ಬಗೆ ಅಂತರಜಾಲ ಖಾತೆ. 2021ರಲ್ಲಿ ಬಂದ ವಿಂಡೋಸ್ 11ರ ಹೋಮ್ ಆವೃತ್ತಿಯನ್ನು ಮೊದಲ ಬಾರಿಗೆ ಚಾಲೂ ಮಾಡುವಾಗ ಅದು ಮೈಕ್ರೋಸಾಫ್ಟ್ ಖಾತೆಯೊಂದನ್ನು ಕೇಳುತ್ತದೆ, ಮತ್ತು ಹಾಗೆ ಮೊದಲು ಸೇರಿದ ಖಾತೆಗೇ ಯಂತ್ರದ ಅಡ್ಮಿನ್ ಅಧಿಕಾರ ದೊರೆಯುತ್ತದೆ. ಬೆಲೆ ಕಡಿಮೆಯೆಂದು ಸಣ್ಣ ಕಚೇರಿಗಳು ಕೊಳ್ಳುವುದು ಸಾಮಾನ್ಯವಾಗಿ ಮನೆಬಳಕೆಗೆಂದು ತಯಾರಾದ ಈ ಆವೃತ್ತಿಯನ್ನೇ, ಇದನ್ನು ಸಂಸ್ಥೆಯ ಕೇಂದ್ರೀಯ ಖಾತೆ ವ್ಯವಸ್ಥೆಗೆ ಜೋಡಿಸುವಂತಿಲ್ಲ. ಪರಿಣಾಮವಾಗಿ, ಉದಾಹರಣೆಗೆ, ಸಹಕಾರ ಸಂಘವೊಂದರ ಹಣದಲ್ಲಿ ಕೊಂಡ ಯಂತ್ರಕ್ಕೆ ಕಾರ್ಯದರ್ಶಿಯ ಸ್ವಂತ ಖಾತೆಯೇ ಒಡೆಯನಾಗುತ್ತದೆ. ಇಂತಹ ಖಾತೆಯ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಒಂದು ಸಂಕೇತವನ್ನು ಖಾತೆದಾರರ ಮೊಬೈಲಿಗೋ ಇನ್ನೊಂದು ಇ-ಮೇಲಿಗೋ ಕಳಿಸಿ ಹೊಸದನ್ನು ಪಡೆಯಲು ಅವಕಾಶ ಕೊಡುತ್ತದೆ. ಹೋದವರು ಊರಲ್ಲೇ ಇದ್ದು, ಮೊಬೈಲ್ ಸಂಖ್ಯೆಯೂ ಅದೇ ಇದ್ದರೆ, ಹತ್ತು ನಿಮಿಷದ ಒಂದು ಫೋನ್ ಕರೆಯಲ್ಲಿ ಎಲ್ಲವೂ ಮುಗಿಯುತ್ತದೆ. ಆ ಸಂಖ್ಯೆಯ ಬಳಕೆ ನಿಂತಿದ್ದರೆ ದೂರಸಂಪರ್ಕ ಕಂಪನಿ ಕೆಲ ತಿಂಗಳ ನಂತರ ಅದನ್ನು ಬೇರೆ ಗ್ರಾಹಕರಿಗೆ ಹಂಚುವುದರಿಂದ, ಸಂಕೇತ ಸಂಬಂಧವೇ ಇಲ್ಲದ ಯಾರದೋ ಕೈ ಸೇರುತ್ತದೆ. ಬಳಕೆದಾರರು ತೀರಿಹೋಗಿದ್ದರಂತೂ ದಾರಿ ಇನ್ನಷ್ಟು ಕಿರಿದಾಗುತ್ತದೆ. ಎರಡು ವರ್ಷಗಳ ಕಾಲ ಯಾರೂ ಪ್ರವೇಶಿಸದ ಖಾತೆಯನ್ನು ಮೈಕ್ರೋಸಾಫ್ಟ್ ನಿಷ್ಕ್ರಿಯವೆಂದು ಎಣಿಸಿ ಮುಚ್ಚಬಹುದು, 2023ರ ಡಿಸೆಂಬರಿನಿಂದ ಗೂಗಲ್ ಕೂಡ ಇಂತಹುದೇ ಎರಡು ವರ್ಷಗಳ ನಿಯಮವನ್ನು ಜಾರಿಗೆ ತಂದಿದೆ.

ಮೂರನೆಯದು ಗೂಢಲಿಪೀಕರಣದ ಬೀಗ. ಜನಸಾಮಾನ್ಯರಿಗೆ ಅತಿ ಕಡಿಮೆ ಗೊತ್ತಿರುವುದೂ ಅತಿ ಹೆಚ್ಚು ನಷ್ಟ ಮಾಡುವುದೂ ಇದೇ. ಗೂಢಲಿಪೀಕರಣವೆಂದರೆ ಡಿಸ್ಕಿನಲ್ಲಿರುವ ಮಾಹಿತಿಯನ್ನು ಒಂದು ರಹಸ್ಯ ಸಂಖ್ಯೆಯ ನೆರವಿನಿಂದ ಅರ್ಥವಾಗದ ಅಕ್ಷರರಾಶಿಯಾಗಿ ಬದಲಿಸಿಡುವ ವಿಧಾನ; ಆ ಸಂಖ್ಯೆ ಇಲ್ಲದೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಒಂದು ಪುಟವೂ ಓದಲು ಸಿಗದು. ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ಬಿಟ್‌ಲಾಕರ್ 2007ರಲ್ಲಿ ವಿಸ್ತಾ ಆವೃತ್ತಿಯೊಂದಿಗೆ ಬಂದಿತು. ಆಗ ಅದನ್ನು ಬೇಕೆಂದವರು ತಾವಾಗಿಯೇ ಚಾಲೂ ಮಾಡಿಕೊಳ್ಳಬೇಕಿತ್ತು. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದರದೇ ಸರಳ ರೂಪವು ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಕೂಡಲೇ ತಾನಾಗಿಯೇ ಚಾಲೂ ಆಗುತ್ತದೆ, 2024ರ ವಿಂಡೋಸ್ 11 ಪರಿಷ್ಕರಣೆಯ ನಂತರ ಇನ್ನೂ ಹೆಚ್ಚಿನ ಯಂತ್ರಗಳು ಇದರ ವ್ಯಾಪ್ತಿಗೆ ಬಂದಿವೆ. ದಿನನಿತ್ಯ ಈ ಬೀಗ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದರ ರಹಸ್ಯ ಸಂಖ್ಯೆ ಮದರ್‌ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿದ್ದು, ಯಂತ್ರ ಮೊದಲಿನಂತೆಯೇ ಇದೆಯೆಂದು ಖಚಿತವಾದಾಗ ಆ ಚಿಪ್ಪು ತಾನೇ ಬೀಗ ತೆರೆಯುತ್ತದೆ. ಮದರ್‌ಬೋರ್ಡ್ ಬದಲಾದಾಗ, ಅಥವಾ ಯಂತ್ರದ ಮೂಲ ತಂತ್ರಾಂಶವಾದ ಬಯಾಸ್ ಪರಿಷ್ಕರಣೆಗೊಂಡಾಗ, ಚಿಪ್ಪಿಗೆ ಅನುಮಾನ ಬಂದು ನೀಲಿ ಪರದೆ ಮೂಡುತ್ತದೆ. ಆರಾರು ಅಂಕಿಗಳ ಎಂಟು ಗುಂಪುಗಳಲ್ಲಿ ಒಟ್ಟು 48 ಅಂಕಿಗಳ ಒಂದು ಕೀಲಿಯನ್ನು ಅದು ಕೇಳುತ್ತದೆ. ಆ ಕೀಲಿ ಇರುವುದು ಯಂತ್ರವನ್ನು ಮೊದಲು ಚಾಲೂ ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಹಲವು ವೇಳೆ ಆ ಕೀಲಿ ತಮ್ಮ ಖಾತೆಯಲ್ಲಿದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಮತ್ತು ಕೀಲಿ ಕಳೆದರೆ ಮತ್ತೊಂದನ್ನು ಮಾಡಿಕೊಡುವ ಶಕ್ತಿ ಸ್ವತಃ ಮೈಕ್ರೋಸಾಫ್ಟಿಗೂ ಇಲ್ಲ.

ಸಂಸ್ಥೆಯ ಬೀಗವೆನ್ನಬಹುದಾದ ನಾಲ್ಕನೆಯ ಬಗೆಯು ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಕೊಂಡವರಿಗೆ ಎದುರಾಗುವಂಥದು. ದೊಡ್ಡ ಕಂಪನಿಗಳು ತಮ್ಮ ಪ್ರತಿಯೊಂದು ಯಂತ್ರದ ಗುರುತನ್ನೂ ತಯಾರಕರ ದೂರದ ಸರ್ವರ್‌ನಲ್ಲಿ ನೋಂದಾಯಿಸಿರುತ್ತವೆ. ವಿಂಡೋಸ್ ಯಂತ್ರಗಳಿಗೆ ಈ ವ್ಯವಸ್ಥೆಯ ಹೆಸರು ಆಟೋಪೈಲಟ್, ಆಪಲ್ ಯಂತ್ರಗಳಿಗೆ ಆಪಲ್ ಬಿಸಿನೆಸ್ ಮ್ಯಾನೇಜರ್, ಕ್ರೋಮ್‌ಬುಕ್‌ಗಳಿಗೆ ಗೂಗಲ್‌ನ ಅಡ್ಮಿನ್ ಕನ್ಸೋಲ್. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಯಂತ್ರ ಇಂಟರ್‌ನೆಟ್ ಮುಟ್ಟಿದ ಕ್ಷಣವೇ ಹಳೆಯ ಕಂಪನಿಯ ಹೆಸರುಳ್ಳ ಪ್ರವೇಶ ಪುಟ ತೆರೆದುಕೊಳ್ಳುವುದು ಈ ನೋಂದಣಿಯಿಂದಾಗಿಯೇ. ಇದರ ಜೊತೆಗೆ ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ವ್ಯಕ್ತಿಯ ಖಾತೆಗೆ ಅಂಟಿದ ಆಕ್ಟಿವೇಶನ್ ಲಾಕ್ ಬೇರೆ ಇದೆ. 2013ರಲ್ಲಿ ಐಫೋನಿಗೆ ಬಂದ ಇದು 2019ರಲ್ಲಿ ಟಿ2 ಚಿಪ್ಪುಳ್ಳ ಮ್ಯಾಕ್ ಯಂತ್ರಗಳಿಗೂ ವಿಸ್ತರಿಸಿತು. ಇವೆಲ್ಲಕ್ಕೂ ಕೆಳಗೆ ಬಯಾಸ್ ಪಾಸ್‌ವರ್ಡ್ ಇರಬಹುದು. ಹಳೆಯ ಕಂಪ್ಯೂಟರುಗಳಲ್ಲಿ ನಾಣ್ಯದಂತಹ ಬ್ಯಾಟರಿಯನ್ನು ತೆಗೆದು ಹಾಕಿದರೆ ಅದು ಅಳಿಸಿಹೋಗುತ್ತಿತ್ತು. ಕಚೇರಿಗಳಿಗೆಂದೇ ತಯಾರಾಗುವ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ವಿದ್ಯುತ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಚಿಪ್ಪಿನಲ್ಲಿರುವುದರಿಂದ ಆ ಹಳೆಯ ಉಪಾಯ ನಡೆಯುವುದಿಲ್ಲ. ಮೇಲ್ವಿಚಾರಕ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಲೆನೊವೊ ಕಂಪನಿ ತನ್ನ ಥಿಂಕ್‌ಪ್ಯಾಡ್ ಗ್ರಾಹಕರಿಗೆ ಹೇಳುತ್ತದೆ.

ಇಷ್ಟು ಪದರಗಳಿರುವಾಗ ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಮಾತ್ರ ಒಂದೇ: ಫಾರ್ಮ್ಯಾಟ್ ಹೊಡೆಯುವುದು, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ತುಂಬುವುದು. ಯಂತ್ರವಷ್ಟೇ ಮುಖ್ಯವಾಗಿ ಒಳಗಿನ ಕಡತಗಳಿಗೆ ಬೆಲೆಯಿಲ್ಲದಿದ್ದರೆ ಮೊದಲ ಮೂರು ಬಗೆಯ ಬೀಗಗಳಿಗೆ ಇದು ಸರಿಯಾದ ಮದ್ದೇ ಹೌದು. ಆದರೆ ಮುದ್ರಣಕಾಶಿಯೆಂದು ಹೆಸರಾದ ಗದಗದಲ್ಲಿ ಕಡತಗಳಿಗೆ ಯಂತ್ರಕ್ಕಿಂತ ಹೆಚ್ಚು ಬೆಲೆಯಿರುವ ಸಂದರ್ಭಗಳೇ ಅಧಿಕ. ಪಂಚಾಂಗ, ಶಾಲಾ ಪುಸ್ತಕ, ಲಗ್ನಪತ್ರಿಕೆ, ಕ್ಯಾಲೆಂಡರುಗಳನ್ನು ಅಚ್ಚುಮಾಡುವ ಮುದ್ರಣಾಲಯದಲ್ಲಿ ಡಿಟಿಪಿ ಕೆಲಸಗಾರ ವರ್ಷಗಟ್ಟಲೆ ಜೋಡಿಸಿಟ್ಟ ಪುಟಗಳು, ಹಳೆಯ ಕನ್ನಡ ಫಾಂಟುಗಳು, ಗಿರಾಕಿಗಳ ಲಾಂಛನಗಳು ಆತನ ಖಾತೆಯ ಫೋಲ್ಡರಿನಲ್ಲಿರುತ್ತವೆ. ಗೂಢಲಿಪೀಕರಣವಿಲ್ಲದ ಹಳೆಯ ಯಂತ್ರವಾದರೆ ಅಳಿಸುವ ಮೊದಲು ಡಿಸ್ಕನ್ನು ಹೊರತೆಗೆದು ಬೇರೆ ಯಂತ್ರದ ಮೂಲಕ ಕಡತಗಳನ್ನು ನಕಲು ಮಾಡಿಕೊಳ್ಳಲು ಸಾಧ್ಯವಿದೆ. ಬಿಟ್‌ಲಾಕರ್ ಇದ್ದರೆ ಆ ಬಾಗಿಲೂ ಮುಚ್ಚಿರುತ್ತದೆ. ಅಳಿಸುವ ಮೊದಲು ಕೆಲಸ ಬಿಟ್ಟವರನ್ನು ಹುಡುಕಿಸಿ, ಬಾಕಿ ಸಂಬಳದ ಜಗಳವಿದ್ದರೆ ಅದನ್ನೂ ಬಗೆಹರಿಸಿ, ಒಂದು ಸಲ ಅವರಿಂದಲೇ ಪ್ರವೇಶ ಮಾಡಿಸಿಕೊಳ್ಳುವುದು ಯಾವ ತಂತ್ರಜ್ಞನ ಚಾತುರ್ಯಕ್ಕಿಂತಲೂ ಅಗ್ಗ. ಸಣ್ಣ ಸಂಸ್ಥೆಗಳ ಮಾಲೀಕರು ಈ ಮಾತನ್ನು ಒಪ್ಪುವುದು ಸಾಮಾನ್ಯವಾಗಿ ಫಾರ್ಮ್ಯಾಟ್ ಆದ ಮೇಲೆ.

ಕಚೇರಿಯ ಸ್ವತ್ತು ವ್ಯಕ್ತಿಯೊಬ್ಬನ ಹಿಡಿತಕ್ಕೆ ಸಿಲುಕುವುದು ಈ ಸೀಮೆಗೆ ಹೊಸತೇನಲ್ಲ. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಸ್ವಾತಂತ್ರ್ಯಪೂರ್ವದಲ್ಲಿ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ ಅಧೀನದಲ್ಲಿದ್ದವು. ಆಳುವವರು ಬೇರೆಯಾದರೂ ಹಳ್ಳಿಯ ಲೆಕ್ಕಪತ್ರ ನೋಡಿಕೊಳ್ಳುವ ಕುಲಕರ್ಣಿಕೆ ವಂಶಪಾರಂಪರ್ಯವಾಗಿ ನಡೆಯುವ ವತನವಾಗಿತ್ತು, ಊರಿನ ಜಮೀನಿನ ದಫ್ತರ ಕುಲಕರ್ಣಿಯ ಮನೆಯಲ್ಲಿಯೇ ಇರುವುದು ಸಾಮಾನ್ಯವಾಗಿತ್ತು. ದಫ್ತರ ಊರಿನದು, ಅದನ್ನಿಟ್ಟ ಪೆಟ್ಟಿಗೆ ಮನೆಯದು ಎಂಬ ಈ ಸ್ಥಿತಿಯಲ್ಲಿ ಯಾವ ಹೊಲದ ಸಾರಾ, ಅಂದರೆ ಭೂಕಂದಾಯ, ಎಷ್ಟು ಎಂಬುದನ್ನು ತಿಳಿಯಲು ರೈತ ಒಂದು ಮನೆತನದ ಮರ್ಜಿ ಕಾಯಬೇಕಾಗುತ್ತಿತ್ತು. ಮುಂಬಯಿ ಸರ್ಕಾರದ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆ 1950ರಲ್ಲಿ ಅಂಗೀಕಾರವಾಗಿ 1951ರ ಮೇ ತಿಂಗಳಿನಿಂದ ಜಾರಿಗೆ ಬಂದಿತು. ಹಳೆಯ ಮೈಸೂರಿನ ಶಾನುಭೋಗಿಕೆ 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆಯ ಮೂಲಕ 1963ರಲ್ಲಿ ಕೊನೆಗೊಂಡಿತು. ವತನ ಹೋಗಿ ಸಂಬಳದ ತಲಾಠಿ ಬಂದ ಮೇಲೆ, ವರ್ಗವಾಗುವಾತ ಪಟ್ಟಿ ಮಾಡಿ ದಫ್ತರವನ್ನು ಒಪ್ಪಿಸಿ ಬರುವಾತನ ಸಹಿ ಪಡೆಯುವುದು ಕಂದಾಯ ಆಡಳಿತದ ನಿತ್ಯಕ್ರಮವಾಯಿತು.

ಕಾಗದದ ದಫ್ತರ ಕಂಪ್ಯೂಟರಿಗೆ ಸರಿದಾಗ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ ರೂಪುಗೊಂಡ ಕರ್ನಾಟಕದ ಭೂಮಿ ಯೋಜನೆ 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದು, 15 ರೂಪಾಯಿಗೆ ಒಂದು ಪಹಣಿ ಪತ್ರ ಸಿಗುವಂತೆ ಮಾಡಿತು. ದಾಖಲೆ ತಿದ್ದುವ ನೌಕರನ ಗುರುತಿಗೆ ಆ ಯೋಜನೆ ಪಾಸ್‌ವರ್ಡನ್ನು ನೆಚ್ಚದೆ ಬೆರಳಚ್ಚನ್ನು ಆರಿಸಿಕೊಂಡಿತು, ಏಕೆಂದರೆ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಆಮೇಲೆ ಬದಲಾವಣೆ ಮಾಡಿದ್ದು ತಾನಲ್ಲವೆಂದು ವಾದಿಸಲೂಬಹುದು. ಖಾತೆ ವ್ಯಕ್ತಿಗೇ ಅಂಟಿರುವುದು ಇಲ್ಲಿ ಉದ್ದೇಶಪೂರ್ವಕವಾದ ಏರ್ಪಾಡು. ಆದರೆ ಇಲ್ಲಿ ಯಂತ್ರ ಸರ್ಕಾರದ್ದು, ಪಹಣಿಗಳಿರುವ ದತ್ತಸಂಚಯವೂ ಸರ್ಕಾರದ್ದು, ನೌಕರನದು ಬೆರಳು ಮಾತ್ರ. ಆತ ವರ್ಗವಾದರೆ ಆತನ ಬೆರಳಚ್ಚನ್ನು ತೆಗೆದು ಹೊಸಬರದನ್ನು ಸೇರಿಸಿದರಾಯಿತು, ಒಂದು ಪಹಣಿಯೂ ಅಲುಗುವುದಿಲ್ಲ. ಗ್ರಾಮ ಪಂಚಾಯಿತಿಗಳ ಇ-ಸ್ವತ್ತು ವ್ಯವಸ್ಥೆಯಲ್ಲಿ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹಾಕುವ ಡಿಜಿಟಲ್ ಸಹಿಯೂ ಇದೇ ತತ್ವವನ್ನು ಅನುಸರಿಸುತ್ತದೆ. ಸಹಿಯ ಕೀಲಿಯಿರುವ ಪುಟ್ಟ ಯುಎಸ್‌ಬಿ ಕಡ್ಡಿ ಆ ಅಧಿಕಾರಿಯ ಸ್ವಂತ ಹೊಣೆ. ಅದು ಬೇರೆಯವರ ಕೈಗೆ ಹೋಗದಂತೆ ಕಾಯುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಮಿನ ಪ್ರಕಾರ ಆತನ ಕರ್ತವ್ಯ. ವರ್ಗವಾದ ಅಧಿಕಾರಿ ಕೆಲಸ ನಿಲ್ಲಬಾರದೆಂಬ ಸದ್ಭಾವನೆಯಿಂದ ಕಡ್ಡಿಯನ್ನೂ ಪಿನ್ ಸಂಖ್ಯೆಯನ್ನೂ ಪಂಚಾಯಿತಿಯಲ್ಲೇ ಬಿಟ್ಟುಹೋದರೆ ಅದು ಉಪಕಾರವಾಗದೆ, ಮುಂದೆ ಬೇರೆಯವರು ಮಾಡುವ ತಪ್ಪಿಗೆ ತನ್ನ ಸಹಿಯನ್ನು ಮುಂಗಡವಾಗಿ ಕೊಟ್ಟಂತಾಗುತ್ತದೆ.

ಹೀಗೆ ಒಂದೇ ಮೇಜಿನ ಮೇಲೆ ಬೇರೆ ಬೇರೆ ಒಡೆಯರ ಮೂರು ವಸ್ತುಗಳಿರುತ್ತವೆ: ಯಂತ್ರ ಸಂಸ್ಥೆಯದು, ಕಡತಗಳು ಸಂಸ್ಥೆಯವು ಅಥವಾ ಸಾರ್ವಜನಿಕರವು, ಗುರುತು ಮತ್ತು ಸಹಿ ವ್ಯಕ್ತಿಯವು. ಸಣ್ಣ ಕಚೇರಿಯಲ್ಲಿ ಲ್ಯಾಪ್‌ಟಾಪ್ ಸಿಲುಕಿಕೊಳ್ಳುವುದು ಮೂರನೆಯದನ್ನು ಮೊದಲೆರಡಕ್ಕೆ ಬೀಗವಾಗಿ ಬಳಸಿದಾಗ.

ಈ ವ್ಯತ್ಯಾಸವನ್ನು ಕಾಯ್ದುಕೊಳ್ಳುವ ಅಗತ್ಯ ಸಹಕಾರ ಸಂಘಗಳಿಗೆ ಈಗ ಹಿಂದೆಂದಿಗಿಂತಲೂ ಹೆಚ್ಚಾಗಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಪ್ರಸಿದ್ಧವಾಗಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ ತಿಂಗಳಿನಲ್ಲಿ ಒಪ್ಪಿಗೆ ನೀಡಿತು. ಖತಾವಣಿ, ರೋಜಕೀರ್ದಿಗಳಿಗೆ ಹೊಂದಿಕೊಂಡ ಸಂಘಗಳು ಇದರಿಂದ ಒಮ್ಮೆಗೇ ಪಾಸ್‌ವರ್ಡ್‌ಗಳ ಲೋಕಕ್ಕೆ ಬಂದಿವೆ. ಇಂತಹ ಸಂಘಗಳಲ್ಲಿ ಡೆಡ್ ಸ್ಟಾಕ್ ರಜಿಸ್ಟರ್ ಎಂಬ ವಹಿಯೊಂದಿದ್ದು, ಕುರ್ಚಿ, ಮೇಜು, ತಿಜೋರಿ, ಪಂಖಗಳ ಸಂಖ್ಯೆ, ಕೊಂಡ ತಾರೀಖು, ಬೆಲೆ ಅದರಲ್ಲಿ ದಾಖಲಾಗುತ್ತವೆ. ಕಾರ್ಯದರ್ಶಿ ಬದಲಾದಾಗ ತಿಜೋರಿಯ ಕೀಲಿಯನ್ನು ಎಣಿಸಿ ಕೊಡಲಾಗುತ್ತದೆ. ಲ್ಯಾಪ್‌ಟಾಪ್‌ನ ಸೀರಿಯಲ್ ಸಂಖ್ಯೆಯೂ ಈ ವಹಿ ಸೇರಬಹುದು, ಆದರೆ ಅದು ಯಾವ ಖಾತೆಗೆ ಜೋಡಣೆಯಾಗಿದೆ, ಆ ಖಾತೆಯ ಮರುಪ್ರಾಪ್ತಿಗೆ ಯಾವ ಮೊಬೈಲ್ ಸಂಖ್ಯೆ ಕೊಡಲಾಗಿದೆ, 48 ಅಂಕಿಗಳ ಕೀಲಿಯ ಪ್ರತಿ ಎಲ್ಲಿದೆ ಎಂಬ ಅಂಕಣಗಳನ್ನು ಯಾರೂ ಎಳೆದಿರುವುದಿಲ್ಲ.

ಅಂಕಣ ಎಳೆಯಲು ಹೆಚ್ಚಿನ ಖರ್ಚಿಲ್ಲ. ಆಡಳಿತ ಮಂಡಳಿ ಒಂದು ಠರಾವು ಪಾಸು ಮಾಡಿ, ಸಂಘದ ಹೆಸರಿನಲ್ಲಿಯೇ ಒಂದು ಇ-ಮೇಲ್ ಖಾತೆಯನ್ನೂ ಸಂಘದ ಹೆಸರಿನ ಒಂದು ಸಿಮ್ಮನ್ನೂ ಪಡೆದು, ಯಂತ್ರದ ಅಡ್ಮಿನ್ ಖಾತೆಯನ್ನು ಅದಕ್ಕೆ ಜೋಡಿಸಿ, ಕಾರ್ಯದರ್ಶಿಗೂ ಗುಮಾಸ್ತರಿಗೂ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಬೇರೆ ಬಳಕೆಯ ಖಾತೆಗಳನ್ನು ತೆರೆದರೆ ಸಾಕು. ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯೊಳಗಿಡುವುದು ಹಳೆಯ ಕಾಲದ ಕ್ರಮವೆನಿಸಿದರೂ ಸಣ್ಣ ಕಚೇರಿಗೆ ಅದಕ್ಕಿಂತ ಭದ್ರವಾದುದು ಸುಲಭವಾಗಿ ಸಿಗದು. ನೌಕರ ಹೊರಡುವ ದಿನ ಆತ ತನ್ನ ಸ್ವಂತ ಖಾತೆಗಳಿಂದ ಸೈನ್ ಔಟ್ ಆಗಿ, ಆಪಲ್ ಯಂತ್ರವಾದರೆ ಫೈಂಡ್ ಮೈ ಎಂಬ ಸೌಲಭ್ಯವನ್ನು ನಿಲ್ಲಿಸಿ, ತನ್ನ ಖಾಸಗಿ ಕಡತಗಳನ್ನು ತೆಗೆದುಕೊಂಡು, ಹೊಸಬರ ಎದುರಿನಲ್ಲಿಯೇ ಯಂತ್ರವನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದು ತೋರಿಸಿದ ನಂತರವೇ ಚಾರ್ಜ್ ಪಟ್ಟಿಗೆ ಸಹಿ ಬೀಳಬೇಕು. ಎಲ್ಲರೂ ಒಂದೇ ಪಾಸ್‌ವರ್ಡನ್ನು ಬಳಸಿ, ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸುವುದು ಇದಕ್ಕೆ ಪರ್ಯಾಯವೆಂದು ಕೆಲವರು ಭಾವಿಸಿದ್ದಾರೆ. ಹಾಗೆ ಮಾಡಿದಲ್ಲಿ ಬೀಗದ ತೊಡಕು ತಪ್ಪಿದರೂ ಹಣದ ನಮೂದು ಮಾಡಿದವರು ಯಾರೆಂಬುದು ಲೆಕ್ಕ ಪರಿಶೋಧಕರಿಗೆ ಎಂದಿಗೂ ತಿಳಿಯುವುದಿಲ್ಲ.

ಯಂತ್ರ ತನ್ನದೇ ಆಗಿದ್ದರೂ ಹೋದವರ ಪಾಸ್‌ವರ್ಡನ್ನು ಊಹಿಸಿಯೋ ಕದ್ದೋ ಅವರ ಖಾತೆಯೊಳಗೆ ಹೋಗುವ ಹಕ್ಕು ಸಂಸ್ಥೆಗೆ ಬರುವುದಿಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ವಂಚನೆಯಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ. ಲ್ಯಾಪ್‌ಟಾಪ್ ತೆರೆದೊಡನೆ ಹಳಬರ ಸ್ವಂತ ಇ-ಮೇಲ್, ಕುಟುಂಬದ ಛಾಯಾಚಿತ್ರ, ಬ್ಯಾಂಕಿನ ಪುಟ ಎಲ್ಲವೂ ಎದುರು ಬರಬಹುದಾದ್ದರಿಂದ, ಅವರನ್ನು ಲಿಖಿತವಾಗಿ ಕೇಳಿ, ಅವರ ಎದುರಿನಲ್ಲಿ ಅಥವಾ ಇಬ್ಬರು ಸಾಕ್ಷಿದಾರರ ಎದುರಿನಲ್ಲಿ ಸಂಸ್ಥೆಯ ಕಡತಗಳನ್ನಷ್ಟೇ ನಕಲು ಮಾಡಿಕೊಳ್ಳುವುದು ಎರಡೂ ಕಡೆಯವರಿಗೆ ಕ್ಷೇಮ.

ಸೆಕೆಂಡ್ ಹ್ಯಾಂಡ್ ಯಂತ್ರಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಮುಂಚೆಯೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ಹಳೆಯ ಕಂಪನಿ ಲ್ಯಾಪ್‌ಟಾಪ್‌ಗಳನ್ನು ಬದಲಿಸುವ ಕಾರಣ ಒಂದು ಹೆಚ್ಚಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಅಗ್ಗದ ಬೆಲೆಗೆ ತಂದ ಇಂತಹ ಯಂತ್ರದಲ್ಲಿ ಆಟೋಪೈಲಟ್ ನೋಂದಣಿ ಉಳಿದಿದ್ದರೆ, ಅದನ್ನು ತೆಗೆಯುವ ಅಧಿಕಾರ ಮೊದಲು ಕೊಂಡ ಕಂಪನಿಯ ಅಡ್ಮಿನ್‌ಗೆ ಬಿಟ್ಟು ಅಂಗಡಿಯವರಿಗೂ ಇರುವುದಿಲ್ಲ. ಅಂಗಡಿಯವರು ಇಂಟರ್‌ನೆಟ್ ಜೋಡಿಸದೆ ವಿಂಡೋಸ್ ಹಾಕಿ ತೋರಿಸಿದಾಗ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಆದ್ದರಿಂದ ಕೊಳ್ಳುವವರು ಹಣ ಕೊಡುವ ಮೊದಲು ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ, ತಮ್ಮ ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಯಾವುದಾದರೂ ಕಂಪನಿಯ ಹೆಸರು ಮೂಡುತ್ತದೆಯೇ ಎಂಬುದನ್ನು ನೋಡಿ, ಬಯಾಸ್ ಪರದೆಯೂ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. ಕಳೆದುಹೋದ ಮೊಬೈಲನ್ನು ಅದರ ಐಎಂಇಐ ಸಂಖ್ಯೆಯಿಂದ ಕೇಂದ್ರ ಸರ್ಕಾರದ ಸಿಇಐಆರ್ ವ್ಯವಸ್ಥೆಯಲ್ಲಿ ತಡೆಹಿಡಿಯಬಹುದಾದಂತೆ ಲ್ಯಾಪ್‌ಟಾಪ್‌ಗಳಿಗೆ ಸಾರ್ವಜನಿಕ ಪಟ್ಟಿಯೊಂದಿಲ್ಲ. ಸೀರಿಯಲ್ ಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ಲು ಇದ್ದರೆ ಅದು ಕದ್ದ ಮಾಲಲ್ಲವೆಂಬುದಕ್ಕೆ ಆಧಾರವಾಗುತ್ತದೆ, ಮತ್ತು ಮುಂದೊಂದು ದಿನ ಆಪಲ್, ಡೆಲ್, ಎಚ್‌ಪಿಯಂತಹ ತಯಾರಕರ ಎದುರು ಬೀಗ ತೆಗೆಯಲು ಕೋರುವಾಗ ಅವರು ಮೊದಲು ಕೇಳುವುದು ಕೊಂಡದ್ದಕ್ಕೆ ಪುರಾವೆಯನ್ನೇ. ಆಪಲ್ ಕಂಪನಿಯಂತೂ ಮೂಲ ಖರೀದಿಯ ಬಿಲ್ಲನ್ನು ಕೇಳುವುದರಿಂದ, ಎರಡನೆಯ ಕೈಯಿಂದ ಕೊಂಡವರು ಮೊದಲ ಒಡೆಯರ ಬಿಲ್ಲಿನ ಪ್ರತಿಯನ್ನೂ ಅಂದೇ ಕೇಳಿ ಪಡೆದಿರಬೇಕಾಗುತ್ತದೆ.